ಪೋಲೋ ಜಿಟಿ ಟಿಎಸ್‌ಐಗೆ 17 ಇಂಚಿನ ಅಲಾಯ್ ಹಾಕಿಸಬಹುದಾ? ಯಾವ ಡಿಸೈನ್ ಒಳ್ಳೆಯದು?

ನಿಮ್ಮ ಪ್ರಶ್ನೆ ಹೀಗಿತ್ತು: 2018ರ ಪೋಲೋ ಜಿಟಿ ಟಿಎಸ್‌ಐ, ಕೆಂಪು ಬಣ್ಣ. ಕೆಲಸ ಬೆಂಗಳೂರಲ್ಲಿ, ಊರು ಮಂಗಳೂರು. ಕಂಪನಿ ಕೊಟ್ಟ 16 ಇಂಚಿನ ಚಕ್ರ ತೆಗೆದು 17 ಹಾಕಿಸಲಾ, ಹಾಕಿಸಿದರೆ ಯಾವ ಡಿಸೈನ್?

ನನ್ನ ಹತ್ತಿರವೂ ಇದೇ ಕಾರಿದೆ, ಇದೇ ದಾರಿಯಲ್ಲಿ ಓಡಾಡುತ್ತೇನೆ. ಹಾಗಾಗಿ ನೇರವಾಗಿ ಹೇಳುತ್ತೇನೆ: 16ರಲ್ಲೇ ಇರಿ. ಈಗಿನದಕ್ಕಿಂತ ಹಗುರವಾದ, ಅರ್ಧ ಇಂಚು ಅಗಲ ಜಾಸ್ತಿ ಇರುವ 16 ಇಂಚಿನ ಚಕ್ರ ಹುಡುಕಿ. ಉಳಿದ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಿ. ಈ ಕಾರಿನಲ್ಲಿ ಮೊದಲು ಟೈರ್ ಆರಿಸಬೇಕು, ಆಮೇಲೆ ಅಲಾಯ್. ಅಂಗಡಿಯಲ್ಲಿ ಎಲ್ಲರೂ ಉಲ್ಟಾ ಮಾಡುತ್ತಾರೆ. ಗೋಡೆಗೆ ನೇತುಹಾಕಿದ ಚಕ್ರ ನೋಡಿ ಮನಸ್ಸು ಕೊಟ್ಟುಬಿಡುತ್ತಾರೆ, ಟೈರ್ ಸಿಕ್ಕಿದ್ದು ಹಾಕಿಸಿಕೊಳ್ಳುತ್ತಾರೆ.

ಟೈರಿನ ಲೆಕ್ಕ ನೋಡೋಣ. ನಿಮ್ಮ ಕಾರಿನದು 195/55 ಆರ್16. ಅಂದರೆ ಟೈರಿನ ಅಗಲ 195 ಮಿ.ಮೀ., ಪಕ್ಕದ ಗೋಡೆ ಅದರ ಶೇ. 55, ಸುಮಾರು 107 ಮಿ.ಮೀ. ಆರ್16 ಅಂದರೆ ರಿಮ್ 16 ಇಂಚಿನದು. ಟೈರ್ ಸೇರಿ ಇಡೀ ಚಕ್ರದ ಎತ್ತರ ಸುಮಾರು 621 ಮಿ.ಮೀ. ಈಗ 17ಕ್ಕೆ ಹೋದರೆ ಈ ಎತ್ತರ ಕೆಡದಂತೆ ಉಳಿಯುವ ಆಯ್ಕೆ ಎರಡು. 205/45 ಆರ್17 ಹಾಕಿದರೆ ಎತ್ತರ 616 ಆಗುತ್ತದೆ. 215/45 ಆರ್17 ಹಾಕಿದರೆ 625. ಎರಡೂ ಶೇ. 1ರ ಒಳಗೇ ಇವೆ, ಸ್ಪೀಡೋಮೀಟರಿಗೆ ತೊಂದರೆ ಇಲ್ಲ. ತೊಂದರೆ ಇರುವುದು ಗೋಡೆಯಲ್ಲಿ. ಮೊದಲನೆಯದರಲ್ಲಿ ಅದು 92 ಮಿ.ಮೀ.ಗೆ ಇಳಿಯುತ್ತದೆ, ಎರಡನೆಯದರಲ್ಲಿ 97ಕ್ಕೆ.

ಒಂದೂವರೆ ಸೆಂಟಿಮೀಟರ್ ತಾನೇ ಅಂತ ಅನ್ನಿಸಬಹುದು. ಆದರೆ ರಿಮ್ಮಿನ ಅಂಚಿಗೂ ರಸ್ತೆಗೂ ನಡುವೆ ಇರುವುದು ಆ ರಬ್ಬರ್ ಮತ್ತು ಗಾಳಿ ಮಾತ್ರ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ನೀರು ತುಂಬಿದ ಗುಂಡಿ ರಾತ್ರಿ ಹೊತ್ತು ಕಾಣುವುದೇ ಇಲ್ಲ. ಗುಂಡಿಯ ಅಂಚು ಟೈರನ್ನು ರಿಮ್ಮಿಗೆ ಒತ್ತಿಹಿಡಿದರೆ ಗೋಡೆಯೊಳಗಿನ ದಾರ ಹರಿಯುತ್ತದೆ, ಹೊರಗೆ ಗುಳ್ಳೆಯ ಹಾಗೆ ಉಬ್ಬು ಬರುತ್ತದೆ. ಉಬ್ಬು ಬಂದ ಟೈರನ್ನು ಎಸೆಯಲೇಬೇಕು, ಪಂಚರ್ ಹಾಕಿ ಸರಿಮಾಡುವ ವಿಷಯವಲ್ಲ ಅದು. ರಿಮ್ ಬೆಂಡ್ ಆದರೆ ನೇರ ಮಾಡಿಸಬಹುದು. ಸೀಳು ಬಿಟ್ಟರೆ ಅದನ್ನೂ ಬಿಟ್ಟುಬಿಡಿ. ವೆಲ್ಡ್ ಮಾಡಿಸಿದ ಅಲಾಯ್ ಮೇಲೆ ಘಾಟಿ ಇಳಿಯಬೇಡಿ, ದಯವಿಟ್ಟು.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. 195/55 ಆರ್16 ಅನ್ನುವ ಅಳತೆಯನ್ನು ಬಲೆನೋ, ಐ20 ಕಾರುಗಳ ಮೇಲಿನ ಮಾಡೆಲ್‌ಗಳಲ್ಲೂ ಹಾಕಿದ್ದಾರೆ. ಹಾಗಾಗಿ ಹಾಸನದಲ್ಲೋ ಪುತ್ತೂರಿನಲ್ಲೋ ಟೈರ್ ಹೋದರೂ ಅದೇ ದಿನ ಸಿಗುವ ಸಾಧ್ಯತೆ ಜಾಸ್ತಿ. 205/45 ಆರ್17ಗೆ ಆ ಅನುಕೂಲ ಇಲ್ಲ. ಅದನ್ನೇ ತೆಗೆದುಕೊಂಡರೆ ಟೈರಿನ ಮೇಲಿನ ಲೋಡ್ ನಂಬರ್ ನೋಡಿ. 84 ಅಂದರೆ ಒಂದು ಟೈರ್ 500 ಕೆ.ಜಿ. ಹೊರುತ್ತದೆ. ನಿಮ್ಮ 16 ಇಂಚಿನದು ಸಾಮಾನ್ಯವಾಗಿ 87 ಇರುತ್ತದೆ, ಅಂದರೆ 545 ಕೆ.ಜಿ. ಕಡಿಮೆ ಮಾಡಿಕೊಳ್ಳಬೇಡಿ. 88 ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಟೈರ್) ಅಂತ ಬರೆದಿರುವುದನ್ನೇ ಕೇಳಿ.

ಫೋಕ್ಸ್‌ವ್ಯಾಗನ್ ಕಂಪನಿಯೇ ಇಲ್ಲಿ ಏನು ಮಾಡಿತು ನೋಡಿ. 2016ರಲ್ಲಿ ಪೋಲೋ ಜಿಟಿಐಯನ್ನು ಭಾರತಕ್ಕೆ ತಂದಿತು. ಮೂರು ಬಾಗಿಲು, 1.8 ಲೀಟರ್ ಟರ್ಬೊ, 192 ಪಿಎಸ್ (ಅಶ್ವಶಕ್ತಿ). ಯುರೋಪಿನಲ್ಲಿ ಅದೇ ಕಾರು 215/40 ಟೈರಿನ 17 ಇಂಚಿನ ಚಕ್ರದ ಮೇಲೆ ಓಡುತ್ತಿತ್ತು. ನಮಗೆ ಬಂದದ್ದು 16ರ ಮೇಲೆ. ನಮ್ಮ ಜಿಟಿಗೆ ಇರುವುದು 105 ಪಿಎಸ್. 192ಕ್ಕೆ ಸಾಕಾದ 16 ನಮಗೆ ಸಾಲದೇ ಇರುತ್ತದಾ?

ತೂಕದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಈ ಕಾರಿನ ಖುಷಿ ಇರುವುದೇ ಅಲ್ಲಿ. ಚಕ್ರದ ಭಾರವನ್ನು ಸ್ಪ್ರಿಂಗ್ ಹೊರುವುದಿಲ್ಲ. ಚಕ್ರ ಭಾರವಾದಷ್ಟೂ ಸಣ್ಣ ಹಂಪ್‌ನಲ್ಲೂ ಕಾರು ಕುಟ್ಟುತ್ತದೆ, ತಿರುವಿನಲ್ಲಿ ರಸ್ತೆ ಕೆಟ್ಟಿದ್ದರೆ ಟೈರ್ ನೆಲ ಬಿಟ್ಟು ಹಾರುತ್ತದೆ. ಜೊತೆಗೆ ಅದನ್ನು ತಿರುಗಿಸಲೂ ಬೇಕು, ನಿಲ್ಲಿಸಲೂ ಬೇಕು. ಅಗ್ಗದ 17 ಇಂಚಿನ ರೆಪ್ಲಿಕಾ ಚಕ್ರಗಳು ಎತ್ತಿ ನೋಡಿದರೇ ಗೊತ್ತಾಗುವಷ್ಟು ಭಾರ ಇರುತ್ತವೆ. ಜೆ.ಸಿ. ರೋಡಿಗೆ ಹೋದರೆ ಅಂಗಡಿಯವರನ್ನು ಕೇಳಿ ತಕ್ಕಡಿಯ ಮೇಲೆ ಇಡಿಸಿ. ನಾಚಿಕೆ ಬೇಡ. 16 ಇಂಚಿನದು 8 ಕೆ.ಜಿ. ಆಸುಪಾಸು ಬಂದರೆ ಖುಷಿಯಿಂದ ತಗೊಳ್ಳಿ. ಫ್ಲೋ ಫಾರ್ಮ್ ಮಾಡಿದ ಚಕ್ರಗಳು ಈ ತೂಕಕ್ಕೆ ಬರುತ್ತವೆ. ಎರಕ ಹೊಯ್ದ ಮೇಲೆ ರಿಮ್ಮಿನ ಸುತ್ತಳತೆಯನ್ನು ಬಿಸಿಯಾಗಿಯೇ ರೋಲರ್‌ನಿಂದ ಒತ್ತಿ ಎಳೆದಿರುತ್ತಾರೆ, ಹಾಗಾಗಿ ತೆಳುವಾದರೂ ಗಟ್ಟಿ. ಹಿಂಭಾಗದಲ್ಲಿ ಜೆಡಬ್ಲ್ಯುಎಲ್, ವಿಐಎ ಎಂಬ ಜಪಾನಿನ ಗುಣಮಟ್ಟದ ಗುರುತು ಇದೆಯಾ, ಎಷ್ಟು ಕೆ.ಜಿ. ಹೊರುತ್ತದೆ ಅಂತ ಬರೆದಿದೆಯಾ ನೋಡಿ. ಯಾವ ಅಚ್ಚೂ ಇಲ್ಲದ ಚಕ್ರ ಎಷ್ಟೇ ಚೆನ್ನಾಗಿ ಕಂಡರೂ ಬೇಡ.

ಕೂರಿಸುವ ಅಳತೆಗಳು: ಬೋಲ್ಟಿನ ತೂತು 5, ಅವುಗಳ ವೃತ್ತ 100 ಮಿ.ಮೀ., ನಡುವಿನ ರಂಧ್ರ 57.1 ಮಿ.ಮೀ. ವೆಂಟೊ, ರ‍್ಯಾಪಿಡ್ ಚಕ್ರಗಳು ಹಾಗೇ ಕೂರುತ್ತವೆ. 2013ರ ನಂತರದ ಆಕ್ಟೇವಿಯಾದ್ದು 112, ಕೂರುವುದಿಲ್ಲ. ಬೇರೆ ತೂತು ಹೊಡೆದು ಕೊಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಹೊರಗಿನ ಅಲಾಯ್‌ಗಳಲ್ಲಿ ನಡುವಿನ ರಂಧ್ರ ಸಾಮಾನ್ಯವಾಗಿ ದೊಡ್ಡದಿರುತ್ತದೆ, ಅದಕ್ಕೆ ಆ ಸಂದಿ ತುಂಬುವ ಹಬ್ ರಿಂಗ್ ಹಾಕಿಸಿ. ಇಲ್ಲದಿದ್ದರೆ ಬ್ಯಾಲೆನ್ಸಿಂಗ್ ಎಷ್ಟು ಮಾಡಿಸಿದರೂ 90ರ ಮೇಲೆ ಸ್ಟೀರಿಂಗ್ ನಡುಗಬಹುದು.

ಆಫ್‌ಸೆಟ್ ಲೆಕ್ಕವನ್ನು ಮಾತ್ರ ನೀವೇ ಮಾಡಿ, ಅಂಗಡಿಗೆ ಬಿಡಬೇಡಿ. ರಿಮ್ಮಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖ ಎಷ್ಟು ಮಿ.ಮೀ. ದೂರ ಅನ್ನುವುದೇ ಆಫ್‌ಸೆಟ್, ಅದನ್ನು ಇಟಿ ಅಂತ ಬರೆಯುತ್ತಾರೆ. ಹಳೆಯ ರಿಮ್ಮಿನ ಹಿಂದೆ ಅಗಲವೂ ಇಟಿ ಅಂಕಿಯೂ ಅಚ್ಚಾಗಿರುತ್ತವೆ. ಉದಾಹರಣೆಗೆ, 6 ಇಂಚು ಅಗಲ ಇಟಿ 40 ಇರುವ ಕಡೆ 7 ಇಂಚು ಇಟಿ 35 ಹಾಕಿದರೆ ಚಕ್ರ ಹೊರಗೆ ಸುಮಾರು 18 ಮಿ.ಮೀ. ಚಾಚುತ್ತದೆ, ಒಳಗೆ 8 ಮಿ.ಮೀ. ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಮೂರು ಜನ ಕೂತು ಹಂಪ್ ದಾಟುವಾಗ ಟೈರ್ ಫೆಂಡರಿಗೆ ಉಜ್ಜುವುದು ಈ 18ರಿಂದಲೇ. ಆರೂವರೆ ಇಂಚು ಅಗಲ, ಇಟಿ 38ರಿಂದ 40 ಸಿಕ್ಕರೆ ನೆಮ್ಮದಿ.

ಇನ್ನು ಡಿಸೈನ್. ಕೆಂಪು ಪೋಲೋಗೆ ಗನ್‌ಮೆಟಲ್ (ಗಾಢ ಬೂದು) ಬಣ್ಣ ಬಹಳ ಒಪ್ಪುತ್ತದೆ. ಪೂರ್ತಿ ಕಪ್ಪು ಹಾಕಿದರೆ ಡಿಸೈನೇ ಕಾಣುವುದಿಲ್ಲ, ಚಕ್ರ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಸ್ಪೋಕ್‌ಗಳು ನಡುವಿನಿಂದ ಅಂಚಿನವರೆಗೆ ನೇರವಾಗಿ, ತೆಳ್ಳಗೆ ಹೋದರೆ 16 ಕೂಡ 17ರ ಹಾಗೆ ಕಾಣುತ್ತದೆ. ಐದು ಜೋಡಿ ಸ್ಪೋಕ್ ಇರುವುದು ನನಗೆ ಬಹಳ ಇಷ್ಟ. ಬಲೆಯಂಥ ಮೆಶ್ ಡಿಸೈನ್ ಚಂದವೇ, ಆದರೆ ಬ್ರೇಕಿನ ಕಪ್ಪು ಪುಡಿ ಪ್ರತಿ ಸಂದಿಯಲ್ಲೂ ಕೂರುತ್ತದೆ. ಭಾನುವಾರದ ಬೆಳಗ್ಗೆ ಬ್ರಷ್ ಹಿಡಿದು ಕೂರಲು ತಯಾರಿದ್ದರೆ ಮಾತ್ರ ಅದು. ಸ್ಪೋಕ್ ರಿಮ್ಮಿನ ಅಂಚಿಗಿಂತ ಹೊರಗೆ ಉಬ್ಬಿರಬಾರದು, ಫುಟ್‌ಪಾತ್ ತಾಗಿದರೆ ಮೊದಲು ಕೆರೆಯುವುದು ಅದನ್ನೇ.

ಡೈಮಂಡ್ ಕಟ್, ಅಂದರೆ ಮುಖವನ್ನು ಯಂತ್ರದಲ್ಲಿ ಕಡೆದು ಹೊಳೆಯುವಂತೆ ಮಾಡಿದ ಚಕ್ರ, ಬೇಡ ಅನ್ನುತ್ತೇನೆ, ಅದಕ್ಕೆ ಕಾರಣ ನಿಮ್ಮ ಊರು. ಆ ಹೊಳೆಯುವ ಮುಖದ ಮೇಲೆ ಇರುವುದು ಬರೀ ಲ್ಯಾಕರ್ ಪದರ. ಒಂದು ಕಲ್ಲು ಬಡಿದು ಪದರ ಬಿರಿದರೆ ಕಡಲ ಕಡೆಯ ಉಪ್ಪು ಗಾಳಿ, ತೇವ ಒಳಗೆ ನುಗ್ಗುತ್ತದೆ. ಬಿಳಿ ಬಿಳಿ ಎಳೆಗಳು ಹರಡುತ್ತಾ ಹೋಗುತ್ತವೆ. ಪೂರ್ತಿ ಪೇಂಟ್ ಇರುವ ಚಕ್ರ ಆದರೆ ಮತ್ತೆ ಪೌಡರ್ ಕೋಟ್ ಮಾಡಿಸಿದರೆ ಮುಗಿಯಿತು.

ಹಾಕಿಸಿದ ಮೇಲೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಪಾಲಿಸಿಯಲ್ಲಿ ಅಲಾಯ್ ಬೆಲೆ ಸೇರಿಸಿಕೊಳ್ಳಿ. ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿಸಲು ಹೇಳಿ, 100 ಕಿ.ಮೀ. ಓಡಿಸಿ ಮತ್ತೊಮ್ಮೆ ನೋಡಿಸಿ. ಮುಖ್ಯವಾಗಿ, ಫೋಕ್ಸ್‌ವ್ಯಾಗನ್ ಬೋಲ್ಟಿನ ತಲೆಯ ಕೆಳಭಾಗ ಗುಂಡಗಿರುತ್ತದೆ, ಹೊರಗಿನ ಅಲಾಯ್‌ಗಳಿಗೆ ಬೇಕಾಗುವುದು ಹೆಚ್ಚಾಗಿ ಶಂಕುವಿನ ಹಾಗೆ ಇಳಿಜಾರಾಗಿರುವುದು. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಸರಿಯಾಗಿ ಕೂರುವುದಿಲ್ಲ, ಓಡುತ್ತಾ ಸಡಿಲವಾಗುತ್ತದೆ. ನಿಮ್ಮ ಸ್ಟೆಪ್ನಿ ಕಂಪನಿಯ ಸ್ಟೀಲ್ ಚಕ್ರವೇ ಆಗಿರುವುದರಿಂದ ಅದಕ್ಕೆ ಹಳೆಯ ಬೋಲ್ಟ್‌ಗಳೇ ಬೇಕು. ಐದನ್ನು ಒಂದು ಚೀಲದಲ್ಲಿ ಕಟ್ಟಿ ಸ್ಟೆಪ್ನಿ ಜೊತೆಗೇ ಇಟ್ಟುಬಿಡಿ.