ಚಿನ್ನದ ಅಂಚಿಗೆ ಪಾಲಿಶ್ ಬೇಡ

ಪ್ರಶ್ನೆ: ನಮ್ಮತ್ತೆ ತಮ್ಮ ಮದುವೆಗೆ ಉಡುಗೊರೆಯಾಗಿ ಬಂದ ಪಿಂಗಾಣಿ ಟೀ ಸೆಟ್ ನನಗೆ ಕೊಟ್ಟಿದ್ದಾರೆ. ಆರು ಕಪ್, ಆರು ಸಾಸರ್. ಅಂಚಿಗೆ ಚಿನ್ನದ ಗೆರೆ ಇದೆ. ಎರಡು ಕಪ್ಪಿನ ಗೆರೆ ಮಂಕಾಗಿತ್ತು ಅಂತ ನಿಂಬೆಹಣ್ಣು ಹಾಕಿ ಉಜ್ಜಿದೆ. ಈಗ ಇನ್ನೂ ಮಂಕಾಗಿದೆ. ಹಿತ್ತಾಳೆ ಪಾಲಿಶ್ ಹಾಕಬಹುದೇ? ಇನ್ನೊಂದು ಕಪ್ಪನ್ನು ಮೈಕ್ರೋವೇವ್‌ನಲ್ಲಿಟ್ಟರೆ ಕಿಡಿ ಹಾರಿತು. ಹೋದ ಚಿನ್ನವನ್ನು ಮತ್ತೆ ಹಾಕಿಸಬಹುದೇ?

ಉತ್ತರ: ಪಾಲಿಶ್ ಡಬ್ಬಿ ಮುಚ್ಚಿಡಿ. ನಿಂಬೆಹಣ್ಣೂ ಬೇಡ.

ನಾನು 22 ವರ್ಷ ಪಿಂಗಾಣಿ ಮೇಲೆ ಚಿನ್ನದ ಗೆರೆ ಎಳೆದವಳು. ಕಪ್ಪನ್ನು ತಿರುಗುವ ಚಕ್ರದ ಮೇಲಿಟ್ಟು, ಬ್ರಶ್ಶನ್ನು ಅಲುಗಾಡದಂತೆ ಹಿಡಿಯಬೇಕು. ಗೆರೆ ತಾನೇ ಸುತ್ತಿ ಬಂದು ಕೂಡಿಕೊಳ್ಳುತ್ತದೆ. ಆಗ ಅದು ಚಿನ್ನದ ಹಾಗೆ ಕಾಣುವುದೇ ಇಲ್ಲ, ಕಾಕಂಬಿಯ ಹಾಗೆ ಕಂದು ಬಣ್ಣ. ಆ ದ್ರವದಲ್ಲಿ 100 ಪಾಲಿಗೆ ಸುಮಾರು 10 ಪಾಲು ಮಾತ್ರ ಚಿನ್ನ. 700ರಿಂದ 800 ಡಿಗ್ರಿಯ ಆವಿಗೆಯಲ್ಲಿ ಸುಟ್ಟಾಗ ಉಳಿದದ್ದೆಲ್ಲ ಉರಿದುಹೋಗಿ ಹೊಳಪು ಬರುತ್ತದೆ. ಆಗ ಉಳಿಯುವ ಪದರ ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲೂ ಇರುವುದಿಲ್ಲ. ಅದೂ ಗ್ಲೇಜಿನ, ಅಂದರೆ ಪಿಂಗಾಣಿಯ ಗಾಜಿನಂಥ ಹೊರಲೇಪದ ಮೇಲೆ ಕೂತಿರುತ್ತದೆ, ಒಳಗಲ್ಲ. ಕಾಪಾಡಲು ಅದರ ಮೇಲೆ ಏನೂ ಇಲ್ಲ.

ಚಿನ್ನಕ್ಕೆ ಹಿತ್ತಾಳೆಯಂತೆ ಕಿಲುಬು ಹಿಡಿಯುವುದಿಲ್ಲ, ಅಲ್ವಾ? ಹಾಗಾಗಿ ಮಂಕಾಗಿದೆ ಅಂದರೆ ಮೇಲೆ ಜಿಡ್ಡು ಕೂತಿರಬೇಕು, ಇಲ್ಲವೇ ಚಿನ್ನ ಸವೆದಿರಬೇಕು. ಪಾಲಿಶ್ ಅಂದರೆ ನುಣ್ಣನೆಯ ಪುಡಿ. ಅದು ತೆಗೆಯುವುದು ಚಿನ್ನವನ್ನೇ. ನಿಂಬೆಹುಳಿ ಚಿನ್ನವನ್ನು ಕರಗಿಸುವುದಿಲ್ಲ ನಿಜ. ಆದರೆ ಚಿನ್ನವನ್ನು ಗ್ಲೇಜಿಗೆ ಹಿಡಿದಿಡುವ ಗಾಜಿನಂಥ ಅಂಶವನ್ನು ಅದು ಸಡಿಲ ಮಾಡುತ್ತದೆ. ಅದರ ಮೇಲೆ ನೀವು ಉಜ್ಜಿದಿರಿ. ಡಿಶ್‌ವಾಶರ್ ಪುಡಿಯ ಕ್ಷಾರ, ಜೊತೆಗೆ ಬಿಸಿನೀರು, ಇವೂ ಅದೇ ಕೆಲಸ ಮಾಡುತ್ತವೆ.

ಮೈಕ್ರೋವೇವ್‌ನಲ್ಲಿ ಆ ತೆಳು ಲೋಹದಲ್ಲಿ ವಿದ್ಯುತ್ ಹರಿದು ಕಿಡಿ ಹಾರುತ್ತದೆ. ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಕಪ್ಪೇ ಬಿರುಕು ಬಿಡಬಹುದು. ಬೆಳಕಿಗೆ ಹಿಡಿದು ಒಮ್ಮೆ ನೋಡಿ.

ಇನ್ನು ತೊಳೆಯುವುದು. ಪ್ಲಾಸ್ಟಿಕ್ ಟಬ್ಬಿಗೆ ಉಗುರುಬೆಚ್ಚನೆ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಕೈಯಲ್ಲಿ ಉಂಗುರ, ಬಳೆ ಇದ್ದರೆ ತೆಗೆದಿಡಿ. ಮೆತ್ತನೆ ಬಟ್ಟೆಯಿಂದ ಒಂದೊಂದೇ ತೊಳೆದು ತಕ್ಷಣ ಒರೆಸಿ, ನೆನೆಹಾಕಬೇಡಿ. ಕಪ್ಪಿನೊಳಗೆ ಚಹಾದ ಕಲೆಯಿದ್ದರೆ ಬೇಕಿಂಗ್ ಸೋಡಾ ಹಚ್ಚಬಹುದು, ಆದರೆ ಬಿಳಿ ಜಾಗಕ್ಕೆ ಮಾತ್ರ. ಅಂಚಿನಿಂದ ಒಂದು ಬೆರಳು ಕೆಳಗೇ ನಿಲ್ಲಿಸಿ.

ಒಂದು ಮಾತು ಹೇಳಲೇಬೇಕು. ಎಷ್ಟೋ ಸೆಟ್‌ಗಳ ಚಿನ್ನ ಬಳಸಿ ಸವೆದದ್ದಲ್ಲ, ಕಪಾಟಿನಲ್ಲಿ ಸವೆದದ್ದು. ಸಾಸರನ್ನು ತಿರುಗಿಸಿ ತಳ ಮುಟ್ಟಿ ನೋಡಿ. ಕೆಳಗಿನ ಉಂಗುರದಂಥ ಭಾಗಕ್ಕೆ ಎಷ್ಟೋ ಸಲ ಗ್ಲೇಜ್ ಇರುವುದಿಲ್ಲ, ಉಪ್ಪುಕಾಗದದ ಹಾಗೆ ಒರಟು. ಒಂದರ ಮೇಲೊಂದು ಪೇರಿಸಿ ಎಳೆದಾಗಲೆಲ್ಲ ಅದು ಕೆಳಗಿನ ಸಾಸರನ್ನು ಉಜ್ಜುತ್ತದೆ. ನಡುವೆ ಒಂದೊಂದು ಬಟ್ಟೆಯ ತುಂಡು ಇಡಿ, ತೆಗೆಯುವಾಗ ಎಳೆಯದೆ ಎತ್ತಿ. ಕಪ್ಪುಗಳನ್ನು ಒಂದರೊಳಗೊಂದು ಕೂರಿಸಬೇಡಿ.

ಮತ್ತೆ ಚಿನ್ನ ಹಾಕಿಸಬಹುದು. ಆದರೆ ಕಪ್ ಮತ್ತೆ ಆವಿಗೆಗೆ ಹೋಗಬೇಕು. ಹಳೆಯ ಪಿಂಗಾಣಿ ವರ್ಷಗಟ್ಟಲೆ ತೇವ ಹೀರಿರಬಹುದು. ಬಿಸಿಗೆ ಕಪ್ಪು ಚುಕ್ಕೆ ಏಳಬಹುದು, ಗ್ಲೇಜ್ ಸಿಡಿಯಬಹುದು. ಅಂಟು ಹಾಕಿ ಕೂಡಿಸಿದ ಕಪ್ ಆದರೆ ಸುಡುವ ಮಾತೇ ಇಲ್ಲ. ಅಂಗಡಿಯ ಚಿನ್ನದ ಬಣ್ಣವನ್ನು ತುಟಿ ತಾಗುವ ಅಂಚಿಗೆ ಹಚ್ಚಬೇಡಿ. ನಾನಾಗಿದ್ದರೆ ಆ ಎರಡು ಕಪ್ಪುಗಳನ್ನು ಇದ್ದ ಹಾಗೇ ಬಿಡುತ್ತಿದ್ದೆ. ಅಷ್ಟು ವರ್ಷ ನಿಮ್ಮತ್ತೆ ಚಹಾ ಕುಡಿದ ಅಂಚು ಅದು.