ವಿಂಡೋಸ್, ಮ್ಯಾಕ್, ಲಿನಕ್ಸ್: ಯಾವುದರ ಡೆಸ್ಕ್‌ಟಾಪ್ ಕೈಗೆ ಒಗ್ಗುತ್ತದೆ?

ಹತ್ತು ವರ್ಷ ವಿಂಡೋಸ್ ಬಳಸಿದವರಿಗೆ ಮ್ಯಾಕ್ ಅಥವಾ ಲಿನಕ್ಸ್‌ನ ಡೆಸ್ಕ್‌ಟಾಪ್ ಹೆಚ್ಚು ಸುಲಭವೆನಿಸೀತೇ ಎಂದು ಕೇಳಿದ್ದೀರಿ. ಅನುವಾದದ ಕೆಲಸಕ್ಕಾಗಿ ನಾನು ಮೂರನ್ನೂ ಬಳಸುತ್ತೇನೆ. ಇವುಗಳ ನಿಜವಾದ ವ್ಯತ್ಯಾಸ ಗೊತ್ತಾಗುವುದು ಅಂದಚೆಂದದಲ್ಲಿ ಅಲ್ಲ, ಏಳೆಂಟು ವಿಂಡೋಗಳನ್ನು ತೆರೆದಿಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗುವಾಗ.

ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ತೆರೆದಿರುವ ವಿಂಡೋಗಳೆಲ್ಲ ಬೇರೆಬೇರೆಯಾಗಿ ಕಾಣಿಸುತ್ತವೆ. ಮ್ಯಾಕ್‌ನಲ್ಲಿ ಕಮಾಂಡ್ ಹಿಡಿದು ಟ್ಯಾಬ್ ಒತ್ತಿದರೆ ಕಾಣಿಸುವುದು ತಂತ್ರಾಂಶಗಳ ಸಾಲು ಮಾತ್ರ. ಮೂಲ ಮತ್ತು ಅನುವಾದ ಎರಡೂ ವರ್ಡ್‌ನಲ್ಲೇ ತೆರೆದಿದ್ದರೆ ಅವುಗಳ ನಡುವೆ ಓಡಾಡಲು ಬೇರೆಯೇ ಒಂದು ಕೀಲಿ ಬೇಕು. ಕೆಂಪು ಗುಂಡಿ ಒತ್ತಿ ಕೊನೆಯ ವಿಂಡೋ ಮುಚ್ಚಿದರೂ ವರ್ಡ್ ನಿಲ್ಲುವುದಿಲ್ಲ. ಮೊದಲ ವಾರ ಇದರಿಂದ ನನಗೆ ರೇಗಿಹೋಗಿತ್ತು. ಮ್ಯಾಕ್‌ನ ಲೆಕ್ಕದಲ್ಲಿ ತಂತ್ರಾಂಶ ಬೇರೆ, ವಿಂಡೋ ಬೇರೆ ಎಂಬುದು ತಲೆಗೆ ಹೋದ ಮೇಲೆ ಸಿಟ್ಟು ಇಳಿಯಿತು, ಅಭ್ಯಾಸ ಮಾತ್ರ ಪೂರ್ತಿ ಆಗಿಲ್ಲ.

ಆದರೆ 1984ರಿಂದಲೂ ಪರದೆಯ ನೆತ್ತಿಯಲ್ಲೇ ಇರುವ ಅದರ ಮೆನು ಪಟ್ಟಿಯನ್ನು ನಾನು ಮೆಚ್ಚುತ್ತೇನೆ. ಗುರಿ ಚಿಕ್ಕದಾದಷ್ಟೂ ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಸಮಯ ಬೇಕೆಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ತೋರಿಸಿದ್ದರು. ಪರದೆಯ ಅಂಚಿನಲ್ಲಿ ಮೌಸ್‌ನ ಬಾಣ ತಾನಾಗಿಯೇ ನಿಲ್ಲುವುದರಿಂದ ಎಷ್ಟೇ ಜೋರಾಗಿ ತಳ್ಳಿದರೂ ಗುರಿ ಮೀರಿ ಹೋಗುವುದಿಲ್ಲ. ಮೂಲೆಯಾದರಂತೂ ಕಣ್ಣು ಮುಚ್ಚಿಕೊಂಡೂ ಮುಟ್ಟಬಹುದು. ವಿಂಡೋಸ್‌ನ ಸ್ಟಾರ್ಟ್ ಗುಂಡಿ ಮೊದಲು ಎಡ ಕೆಳಮೂಲೆಯ ಕಡೆಗೇ ಇತ್ತು. 2012ರಲ್ಲಿ ವಿಂಡೋಸ್ 8 ಅದನ್ನು ತೆಗೆದೇ ಹಾಕಿ, ಮರುವರ್ಷ 8.1ರಲ್ಲಿ ಮರಳಿ ತಂದಿತು. 2021ರ ವಿಂಡೋಸ್ 11ರಲ್ಲಿ ಅದು ನಡುವಿಗೆ ಬಂದಿದ್ದು, ಹೊಸ ತಂತ್ರಾಂಶ ತೆರೆದಂತೆಲ್ಲ ಎಡಕ್ಕೆ ಸರಿಯುತ್ತಾ ಹೋಗುತ್ತದೆ. ಇದ್ದಲ್ಲಿ ಇರದ ಗುಂಡಿಯನ್ನು ಕೈ ನೆನಪಿಟ್ಟುಕೊಳ್ಳುವುದಾದರೂ ಹೇಗೆ? ಪುಣ್ಯಕ್ಕೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಎಡಮೂಲೆಗೆ ಕಳಿಸಬಹುದು.

ಲಿನಕ್ಸ್‌ಗೆ ಇಂಥದ್ದೇ ಎಂಬ ಒಂದು ಮುಖವಿಲ್ಲ; ನೋಮ್, ಕೆಡಿಇ ಪ್ಲಾಸ್ಮಾ ಹೀಗೆ ಹಲವು ಡೆಸ್ಕ್‌ಟಾಪ್‌ಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ನೋಮ್‌ನಲ್ಲಿ ಬಾಣವನ್ನು ಎಡ ಮೇಲ್ಮೂಲೆಗೆ ತಳ್ಳಿದರೆ ವಿಂಡೋಗಳೆಲ್ಲ ಹರಡಿಕೊಂಡು ಕಾಣಿಸುತ್ತವೆ, ಅದು ಬಹಳ ಚೆನ್ನಾಗಿದೆ. 2011ರಲ್ಲಿ ಬಂದ ನೋಮ್ 3 ಮಿನಿಮೈಸ್ ಗುಂಡಿಯನ್ನೇ ತೆಗೆದದ್ದು ಮಾತ್ರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಕೆಡಿಇ ಪ್ಲಾಸ್ಮಾ ನಿಮ್ಮ ಹಳೆಯ ರೂಢಿಗೆ ಹೆಚ್ಚು ಹತ್ತಿರ, ಅದರ ಟಾಸ್ಕ್‌ಬಾರ್‌ನಂಥ ಪಟ್ಟಿಯನ್ನು ಪರದೆಯ ಯಾವ ಅಂಚಿಗೆ ಬೇಕಾದರೂ ಒಯ್ಯಬಹುದು.

ಕನ್ನಡ ಮತ್ತು ಇಂಗ್ಲಿಷ್ ಕೀಲಿಮಣೆಗಳ ನಡುವೆ ದಿನಕ್ಕೆ ನೂರಾರು ಸಲ ಬದಲಿಸುವ ನನಗೆ ವಿಂಡೋಸ್ ಮತ್ತು ನೋಮ್ ಎರಡರಲ್ಲೂ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಸಾಕಾಗುತ್ತದೆ. ಮ್ಯಾಕ್‌ನಲ್ಲಿ ಹಾಗೆ ಕಮಾಂಡ್ ಹಿಡಿದು ಸ್ಪೇಸ್ ಒತ್ತಿದರೆ ಹುಡುಕುವ ಪೆಟ್ಟಿಗೆ ಎದ್ದು ಕೂರುತ್ತದೆ.

ಹಾಗಾಗಿ ಮ್ಯಾಕ್‌ಗೆ ದುಡ್ಡು ಸುರಿಯುವ ಮೊದಲು ಪ್ಲಾಸ್ಮಾ ಇರುವ ಯಾವುದಾದರೂ ಲಿನಕ್ಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಕಂಪ್ಯೂಟರ್ ಶುರು ಮಾಡಿ, ನಿಮ್ಮ ನಿತ್ಯದ ಕೆಲಸವನ್ನೇ ಒಂದೆರಡು ದಿನ ಮಾಡಿ ನೋಡಿ.