ಹೆಡ್‌ಲೈಟ್ ಹಳದಿಯಾಗಿ ಮಂಕಾಗಿದೆ, ಒಳಗೆ ನೀರಿನ ಹನಿಯೂ ಕಾಣುತ್ತಿದೆ. ರಿಪೇರಿ ಆಗುತ್ತಾ, ಹೊಸದೇ ಹಾಕಿಸಬೇಕಾ?

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಲೆನ್ಸ್ ಮೇಲೆ, ಅಂದರೆ ಹೆಡ್‌ಲೈಟಿನ ಮುಂದಿನ ಪಾರದರ್ಶಕ ಮುಚ್ಚಳದ ಮೇಲೆ, ನೀರು ಚಿಮುಕಿಸಿ. ಒದ್ದೆಯಾದ ಕಡೆ ತಿಳಿಯಾಗಿ ಕಂಡರೆ ಮಂಕು ಹೊರಗಡೆಯೇ ಇದೆ, ರಿಪೇರಿ ಆಗುತ್ತದೆ.

ಈ ಲೆನ್ಸ್ ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅದರ ಮೇಲಿನ ತೆಳು ರಕ್ಷಣಾ ಲೇಪ ಬಿಸಿಲಿಗೆ ಹಾಳಾಗಿ ಹಳದಿ ಬರುತ್ತದೆ. ಹಾಗಾಗಿ ಆ ಲೇಪವನ್ನೇ ಉಜ್ಜಿ ತೆಗೆಯಬೇಕು. ಸುತ್ತಲ ಪೇಂಟ್‌ಗೆ ಮಾಸ್ಕಿಂಗ್ ಟೇಪ್ ಹಚ್ಚಿ, 800, 1500, 2000, 3000 ನಂಬರಿನ ವಾಟರ್ ಪೇಪರಿನಲ್ಲಿ (ಒದ್ದೆ ಮಾಡಿ ಉಜ್ಜುವ ಸ್ಯಾಂಡ್‌ಪೇಪರ್) ಇದೇ ಕ್ರಮದಲ್ಲಿ ನೀರು ಹಾಕುತ್ತಾ ಉಜ್ಜಿ. ಮೊದಮೊದಲು ಹಳದಿ ರಾಡಿ ಇಳಿಯುತ್ತದೆ, ಲೆನ್ಸ್ ಇನ್ನೂ ಮಬ್ಬಾಗುತ್ತದೆ. ಗಾಬರಿ ಬೇಡ! ರಾಡಿ ಬೆಳ್ಳಗಾದ ಮೇಲೆ ಮುಂದಿನ ಪೇಪರ್ ಹಿಡಿಯಿರಿ. ಕೊನೆಗೆ ಪಾಲಿಶ್ ಹಾಕಿದರೆ ಫಳಫಳ ಅನ್ನುತ್ತದೆ.

ಜಾಸ್ತಿ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಬಿಸಿಲಿನ ಯುವಿ ಕಿರಣ ತಡೆಯುವ ಕ್ಲಿಯರ್ ಕೋಟ್ (ಪಾರದರ್ಶಕ ಲೇಪ) ಹೊಡೆಯದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಟೂತ್‌ಪೇಸ್ಟ್ ಹಚ್ಚುವುದೂ ಅಷ್ಟೇ, ಸುಮ್ನೆ ನಾಲ್ಕು ದಿನದ ಹೊಳಪು.

ಒಳಗಿನ ತೆಳು ಮಂಜು ಲೈಟ್ ಹಾಕಿದ ಮೇಲೆ ಹೋದರೆ ಚಿಂತೆಯಿಲ್ಲ. ನೀರು ನಿಂತಿದ್ದರೆ ಹಿಂದಿನ ರಬ್ಬರ್ ಮುಚ್ಚಳ, ಅಂಚಿನ ಸೀಲ್, ಗಾಳಿಯಾಡುವ ತೂತು ನೋಡಿ. ಒಣಗಿಸದೆ ಸೀಲ್ ಮಾಡಬೇಡಿ, ತೇವ ಒಳಗೇ ಉಳಿಯುತ್ತದೆ.

ಹ್ಯಾಲೋಜೆನ್ ಬಲ್ಬ್ ಬದಲಿಸುವಾಗ ಅದರ ಗಾಜಿಗೆ ಬೆರಳು ತಾಗಿಸಬೇಡಿ. ಕೈಯ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ.

ಒಳಗಿನ ರಿಫ್ಲೆಕ್ಟರ್ (ಬೆಳಕನ್ನು ಮುಂದಕ್ಕೆ ಚಿಮ್ಮಿಸುವ ಕನ್ನಡಿಯಂಥ ಭಾಗ) ಸುಟ್ಟಿದ್ದರೆ ಅಥವಾ ಲೆನ್ಸ್ ಆಳವಾಗಿ ಸೀಳಿದ್ದರೆ ಹೊಸದೇ ಹಾಕಿಸಿ.